ನೀರುನಾಯಿ ಕಡತ

ಮೀನುಗಾರಿಕೆ ವಿಭಾಗಕ್ಕೂ ವನ್ಯಜೀವಿ ವಿಭಾಗಕ್ಕೂ ಒಬ್ಬರೇ ನಿರ್ದೇಶಕರು. ಬಂದ ವಾರವೇ ಗುಡುಗಿದರು:

"ಕೆರೆ ಮೀನೆಲ್ಲ ನೀರುನಾಯಿ ಪಾಲು! ನಾಳೆಯೊಳಗೆ ಓಡಿಸಿ, ಇಲ್ಲಾಂದ್ರೆ ಮನೆಗೆ ನಡೀರಿ!"

ನೀರುನಾಯಿಯನ್ನು ಓಡಿಸುವುದು ಅಪರಾಧ. ಹಾಗೆಂದು ಸಾಹೇಬರಿಗೆ ಹೇಳಿದರೆ ಕೆಲಸಕ್ಕೇ ಕುತ್ತು. ಗುಮಾಸ್ತೆ ಪುಟ್ಟತಾಯಮ್ಮ ತೆಪ್ಪಗೆ ಆದೇಶ ಬರೆದು ಸಹಿ ಹಾಕಿಸಿಕೊಂಡರು.

ಸಂಜೆ ಇನ್ನೊಂದು ಕಡತ ಹಿಡಿದು ಬಂದರು. ಸಾಹೇಬರದ್ದು ಓದದೆ ಸಹಿ ಹಾಕುವ ಚಾಳಿ. ಹಾಕಿದ ಮೇಲೆ ಕೇಳಿದರು:

"ಏನಮ್ಮ ಇದು?"

"ವನ್ಯಜೀವಿ ವಿಭಾಗದ ನೋಟಿಸು ಸರ್. ನೀರುನಾಯಿ ಓಡಿಸೋಕೆ ಹೇಳಿದ ಅಧಿಕಾರಿ ಮೂರು ದಿನದಲ್ಲಿ ಸಮಜಾಯಿಷಿ ಕೊಡಬೇಕು."

ಸಾಹೇಬರು ಬೆವತರು. "ಅದು ನಾನೇ ಅಲ್ವೇನಮ್ಮ! ಯಾರಿಗೆ ಕೊಡಬೇಕು?"

"ತಮಗೇ ಸರ್. ತುಂಬಾ ಖಡಕ್ ಮನುಷ್ಯ ಅಂತಾರೆ, ಹುಷಾರು."

ಸಾಹೇಬರು ಬಿದ್ದುಬಿದ್ದು ನಕ್ಕರು. ಆಮೇಲೆ ತಮ್ಮ ಆದೇಶವನ್ನು ಮೊದಲ ಸಲ ಪೂರ್ತಿ ಓದಿ, ಹರಿದು ಹಾಕಿದರು.