ಕಂಬಳಿಗುಡ್ಡಕ್ಕೆ ಆ ಹೆಸರು ಬಂದದ್ದು

ನಮ್ಮ ಹಿರೇಮಟ್ಟಿಯ ಪಡುವಣಕ್ಕಿರುವ ಬೋಳುಗುಡ್ಡವನ್ನು ಕಂಬಳಿಗುಡ್ಡ ಎನ್ನುತ್ತಾರೆ. ಅದರ ನೆತ್ತಿಯಲ್ಲಿ ಹತ್ತು ಜನ ಕೂರುವಷ್ಟು ಅಗಲದ ಕರಿಬಂಡೆಯೊಂದಿದೆ. ಅಲ್ಲಿ ಕಂಬಳಿಯ ಸಂತೆ ನೆರೆಯುತ್ತಿತ್ತೆಂದು ಈಚೆಗೆ ಯಾರೋ ಬರೆದಿದ್ದಾರಂತೆ. ಅವರು ಗುಡ್ಡ ಹತ್ತಿದವರಲ್ಲ, ಬಿಡಿ. ನಮ್ಮ ಮುತ್ತಜ್ಜಿ ಹೇಳಿದ್ದನ್ನು ನಾನು ಹೇಳುತ್ತೇನೆ.

ಹಿಂದೆ ಒಮ್ಮೆ ಈ ಊರನ್ನು ಹಾಲಪ್ಪಗೌಡ ಎಂಬವನು ಆಳುತ್ತಿದ್ದ. ಅವನ ಅಜ್ಜ ಇದೇ ಗುಡ್ಡದಲ್ಲಿ ಕುರಿ ಕಾಯ್ದವನು. ಮೊಮ್ಮಗನ ಕಾಲಕ್ಕೆ ಹೊಲ, ವಾಡೆ, ಕುದುರೆ ಎಲ್ಲ ಬಂದವು. ಮನೆಯಲ್ಲಿದ್ದ ಕಂಬಳಿಗಳು ಒಂದೊಂದಾಗಿ ದನದ ಕೊಟ್ಟಿಗೆ ಸೇರಿದವು. ಗೌಡನ ಒಬ್ಬಳೇ ಮಗಳು ಕಂಚವ್ವನಿಗೆ ಗುಡ್ಡದ ಮೇಲೆ ಕುರಿ ಸಾಕಿ ಕಂಬಳಿ ನೇಯುತ್ತಿದ್ದ ಗಾದಿಲಿಂಗನ ಮೇಲೆ ಮನಸ್ಸು. ಕುಲ ಒಂದೇ, ಬೆಡಗು ಅಂದರೆ ಗೋತ್ರ ಬೇರೆ, ಸಂಬಂಧಕ್ಕೆ ಅಡ್ಡಿಯೇನೂ ಇರಲಿಲ್ಲ. ಆದರೂ ಹೆಣ್ಣು ಕೇಳಲು ಬಂದ ಅವನ ಕಡೆಯವರನ್ನು ಗೌಡ ಕೂರಿ ಎಂದೂ ಅನ್ನಲಿಲ್ಲ. ಮೈಯೆಲ್ಲ ಉಣ್ಣೆಯ ನಾತ ಎಂದು ಹೊಸ್ತಿಲಿಂದಲೇ ಸಾಗಹಾಕಿ, ನೆರೆಯೂರಿನ ಸಿರಿವಂತ ವರನನ್ನು ಗೊತ್ತುಮಾಡಿದ.

ಮದುವೆಯ ದಿನ ಕುಲದ ಹಿರಿಯ, ಕಂಬಳಿ ಎಲ್ಲಿ ಎಂದು ಕೇಳಿದ. ಹೊಸ ಕಂಬಳಿಯ ಮೇಲೆ ಮೊದಲು ಹುಡುಗಿಯ ಅಪ್ಪ, ಆಮೇಲೆ ಮದುಮಕ್ಕಳು ಕೂರದೆ ಆ ಕುಲದಲ್ಲಿ ಅಕ್ಕಿಕಾಳು ಬೀಳುವುದಿಲ್ಲ. ವಾಡೆಯೆಲ್ಲ ಜಾಲಾಡಿದರೂ ಒಂದೂ ಸಿಗಲಿಲ್ಲ. ಕಡೆಗೆ ಆಳು ಗುಡ್ಡಕ್ಕೇ ಓಡಬೇಕಾಯಿತು. ಗಾದಿಲಿಂಗ ಮರುಮಾತಾಡದೆ, ಆಗಷ್ಟೇ ಮಗ್ಗದಿಂದ ಇಳಿಸಿದ್ದ ಕರಿಕಂಬಳಿಯನ್ನು ಕೊಟ್ಟು ಕಳುಹಿಸಿದ. ಅವನೆಂಥ ಗಂಡಸು ನೋಡಿ! ಇತ್ತ ವಾಡೆಯಲ್ಲಿ ಅದನ್ನು ಹಾಸಿದರೆ ವರಮಹಾಶಯನಿಗೆ ಚುಚ್ಚುತ್ತದಂತೆ, ಮೇಲೊಂದು ಜಮಖಾನ ಬೇಕಂತೆ. ಗೌಡ ತರಿಸಿಯೂಬಿಟ್ಟ. ಆಗ ಕಂಚವ್ವ ಎದ್ದು ನಿಂತಳು.

“ಅಪ್ಪಾ, ಇದರ ಮೇಲೆ ಕೂರಲು ನಾಚುವವನು ನಾಳೆ ನಿನ್ನ ಅಜ್ಜನ ಹೆಸರು ಹೇಳಲೂ ನಾಚುತ್ತಾನೆ. ನೀನು ಆಗಲೇ ನಾಚಿದ್ದೀಯ. ನನ್ನಿಂದಾಗದು.”

ಕಂಬಳಿಯನ್ನು ಸುತ್ತಿ ಹೆಗಲಿಗೇರಿಸಿ ಗುಡ್ಡದ ಹಾದಿ ಹಿಡಿದಳು. ಬೀಗರು ಮುಖ ಗಂಟಿಕ್ಕಿಕೊಂಡು ಬಂಡಿ ಹೂಡಿದರು. ಊರೆಲ್ಲ ಅವಳ ಬೆನ್ನ ಹಿಂದೆ. ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ ಗೌಡ.

ಅವನು ನೆತ್ತಿ ಮುಟ್ಟುವಾಗ ಕಂಬಳಿ ಬಂಡೆಯ ಮೇಲೆ ಹಾಸಿತ್ತು. ಕಂಚವ್ವ, ಗಾದಿಲಿಂಗ ಅದರ ಪಕ್ಕ ನಿಂತಿದ್ದರು. ಅಪ್ಪ ಕೂರದೆ ಅವರು ಕೂರುವಂತಿಲ್ಲ. ಗೌಡ ಬಾಗಿ ಆ ಕಂಬಳಿಯನ್ನು ಮುಟ್ಟಿ ನೋಡಿದನಂತೆ. ಆಮೇಲೆ ಜರಿಯ ರುಮಾಲು ತೆಗೆದ, ಜೋಡು ಬಿಟ್ಟ, ಅಂಚಿನಲ್ಲಿ ಚಕ್ಕಂಬಕ್ಕಲು ಹಾಕಿ ಕುಳಿತ. “ಅಕ್ಕಿಕಾಳು ತನ್ನಿ” ಎಂದ.

ಆ ಕಂಬಳಿ ಇಂದಿಲ್ಲ, ಬಂಡೆ ಇದೆ. ಈಗಲೂ ಮದುವೆಯ ಮಾತಿಗೆ ಜನ ಅಲ್ಲಿಗೆ ಬರುತ್ತಾರೆ. ಕಾರಿನಲ್ಲಿ ಬಂದವರೂ ಜಮಖಾನವನ್ನು ಗುಡ್ಡದ ಬುಡದಲ್ಲೇ ಬಿಟ್ಟು ಹತ್ತುತ್ತಾರೆ. ನೀವು ಹೋದರೆ ಬಂಡೆಯ ಮೂಡಣ ಅಂಚನ್ನು ನೋಡಿ. ಅಲ್ಲೊಂದು ಕಡೆ ಕಲ್ಲು ನುಣುಪಾಗಿ ತಗ್ಗಿದೆ. ಹೆಣ್ಣು ಹೆತ್ತ ಅಪ್ಪಂದಿರು ಕೂತು ಕೂತು ಸವೆದ ಜಾಗ ಅದು.