ಮುಳ್ಳು ಕೆಂಪು ಗೆರೆ ದಾಟಿದ ದಿನ

ಹೊಳೆಯ ದಂಡೆಯಲ್ಲಿ ಒಂದು ಹಳೆಯ ರನ್‌ವೇ, ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿನೊಳಗೆ ಒಂದೇ ಒಂದು ಪುಟ್ಟ ವಿಮಾನ. ಬೆಳ್ಳಿಯಪ್ಪ ಮೇಷ್ಟ್ರು ಅಲ್ಲೇ ಬೇಯಿಸಿಕೊಂಡು, ಅಲ್ಲೇ ಮಲಗಿ, ಬಂದವರಿಗೆ ಹಾರುವುದನ್ನು ಕಲಿಸುತ್ತಿದ್ದರು.

ಊರಿನವರು ಅದನ್ನು ಮಠ ಎನ್ನುತ್ತಿದ್ದರು. ಮಠವೇನೋ ಸರಿ, ಸ್ವಾಮಿಗಳ ಬಾಯಿಂದ ದಿನಕ್ಕೆ ನಾಲ್ಕು ಮಾತು ಬಿದ್ದರೆ ಅದೇ ದೊಡ್ಡ ಪ್ರವಚನ ಎಂದು ಶಿಷ್ಯರು ನಗುತ್ತಿದ್ದರು.

ಆ ಚಳಿಗಾಲ ಅಲ್ಲಿ ಉಳಿದವಳು ಶಾಂಭವಿ ಒಬ್ಬಳೇ.

ಒಂದು ಬೆಳಿಗ್ಗೆ ಎಂಜಿನ್ ಶುರುವಾಗಿ ಹತ್ತು ನಿಮಿಷವಾದರೂ ಎಣ್ಣೆಯ ಬಿಸಿ ತೋರಿಸುವ ಮುಳ್ಳು ಅಲುಗಲಿಲ್ಲ.

"ಹೊರಡೋಣವಾ ಮೇಷ್ಟ್ರೇ? ಜೋರಾಗಿ ಓಡಿಸಿದರೆ ತಾನಾಗೇ ಬಿಸಿಯಾಗುತ್ತೆ."

ಮೇಷ್ಟ್ರು ಎಂಜಿನ್ ಆರಿಸಿ ಇಳಿದು ಹೋದರು. ಕೊಬ್ಬರಿ ಎಣ್ಣೆಯ ಬಾಟಲಿ ತಂದು ಅವಳ ಕೈಗಿಟ್ಟರು.

"ತಲೆಗೆ ಹಚ್ಚಿಕೋ."

ಶಾಂಭವಿ ಬಾಟಲಿ ಬಗ್ಗಿಸಿದಳು. ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು, ಒಂದು ಹನಿಯೂ ಬೀಳಲಿಲ್ಲ.

"ಬರ್ತಾ ಇಲ್ಲ."

"ಜೋರಾಗಿ ಕುಲುಕು."

ಅವಳು ಕುಲುಕಲಿಲ್ಲ. ಮತ್ತೆ ಎಂಜಿನ್ ಶುರುಮಾಡಿ, ಮುಳ್ಳು ಏಳುವವರೆಗೆ ಕಾದಳು.

ಎಣ್ಣೆಯನ್ನು ತಣಿಸಲು ಎಂಜಿನ್ನಿನ ಬಳಿ ಗಾಳಿಗೆ ಒಡ್ಡಿದ ಒಂದು ಜಾಲರಿ ಇರುತ್ತದೆ. ಚಳಿಯಲ್ಲಿ ಅದು ಬೇಡದಷ್ಟು ತಣಿಸುತ್ತದೆಂದು ಮೇಷ್ಟ್ರು ಅದಕ್ಕೆ ಅರ್ಧ ಮುಚ್ಚುವ ತಗಡೊಂದನ್ನು ಕೂರಿಸುತ್ತಿದ್ದರು. ಬಿಸಿಲೇರಿದ ಮೇಲೆ ಹಾರುವುದಾದರೆ ಆ ತಗಡನ್ನು ಬಿಚ್ಚಿಡಬೇಕು.

"ಬಿಚ್ಚೋದು ಮರೆತರೆ?" ಎಂದು ಅವಳು ಕೇಳಿದ್ದಳು.

"ಮುಳ್ಳು ನೆನಪಿಸುತ್ತೆ."

ಶಾಂಭವಿಯ ಪರೀಕ್ಷೆಯ ಹಿಂದಿನ ದಿನ ಬಂತು. ಪರೀಕ್ಷಕರು ಆ ಕಡೆಗೆ ಬರುವುದೇ ಆರು ತಿಂಗಳಿಗೊಮ್ಮೆ. ಮಧ್ಯಾಹ್ನ ಮೇಷ್ಟ್ರೇ ಗುಡ್ಡಗಳಾಚೆಯ ಪಟ್ಟಣಕ್ಕೆ ಹಾರಿ ಅವರನ್ನು ಕರೆತರುವುದೆಂದು ಮಾತಾಗಿತ್ತು.

ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಶಾಂಭವಿ ಕೊನೆಯ ಅಭ್ಯಾಸಕ್ಕೆಂದು ಒಬ್ಬಳೇ ಹಾರಿದಳು. ತಲೆಯ ತುಂಬ ನಾಳೆಯ ಪರೀಕ್ಷೆಯೇ ಇತ್ತು. ತಗಡು ಇದ್ದಲ್ಲೇ ಇತ್ತು.

ಮೇಲೇರುತ್ತಿದ್ದಂತೆ ಮುಳ್ಳೂ ಏರಿತು. ಅವಳು ಗಾಜಿನ ಮೇಲೆ ಉಗುರಿನಿಂದ ತಟ್ಟಿದಳು. ಮುಳ್ಳೇ ಕೆಟ್ಟಿರಬೇಕು ಅಂದುಕೊಂಡಳು. ಇನ್ನು ಸ್ವಲ್ಪ ಏರಿದರೆ ಅಂದುಕೊಂಡ ಎತ್ತರ ಸಿಗುತ್ತಿತ್ತು, ಏರಿದಳು.

ಮುಳ್ಳು ಕೆಂಪು ಗೆರೆ ದಾಟಿತು. ಆಗ ಅವಳಿಗೆ ತಗಡು ನೆನಪಾಯಿತು.

ವಿಮಾನದ ಮೂತಿ ತಗ್ಗಿಸಿ ಜಾಲರಿಗೆ ಬಡಿಯುವ ಗಾಳಿ ಹೆಚ್ಚಿಸಿದಳು. ಎಂಜಿನ್ನಿನ ವೇಗ ಇಳಿಸಿದಳು. ಮುಳ್ಳು ನಿಧಾನವಾಗಿ ಕೆಳಗೆ ಬಂತು. ಅವಳೂ ಬಂದಳು.

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ಅವಳು ತಗಡು ಬಿಚ್ಚಿ ಮೂಲೆಯಲ್ಲಿಟ್ಟಳು. ಪ್ರತಿ ಹಾರಾಟವಾದ ಮೇಲೂ ತುಂಬಬೇಕಾದ ಪುಸ್ತಕವನ್ನು ತೆರೆದಳು.

ನಡೆದದ್ದನ್ನು ಬರೆದರೆ ಎಂಜಿನ್ ಬಿಚ್ಚಬೇಕು. ಬಿಚ್ಚಿದರೆ ಪರೀಕ್ಷೆ ಇಲ್ಲ, ಇನ್ನು ಆರು ತಿಂಗಳು ಕಾಯಬೇಕು. ನಾಲ್ಕೇ ನಿಮಿಷ ತಾನೇ, ಈಗ ಎಲ್ಲ ಸರಿಯಾಗಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

'ಎಣ್ಣೆಯ ಬಿಸಿ: ಸರಿ' ಎಂದು ಬರೆದು ಸಹಿ ಹಾಕಿದಳು.

ಊಟವಾದ ಮೇಲೆ ಮೇಷ್ಟ್ರು ಪುಸ್ತಕ ಓದಿದರು. ಸಾಲಿನ ಕೆಳಗೆ ಬೆರಳಿಟ್ಟು, ಮಗ್ಗಿ ಓದುವ ಮಕ್ಕಳ ಹಾಗೆ, ಕೊನೆಯ ಅಕ್ಷರದವರೆಗೂ ಓದಿದರು. ಟೋಪಿ ಹಾಕಿಕೊಂಡು ವಿಮಾನ ಹತ್ತಿದರು.

ಎಂಜಿನ್ ಶುರುವಾಯಿತು. ಶಾಂಭವಿಗೆ ಗುಡ್ಡಗಳು ಕಂಡವು. ಅಲ್ಲಿ ಎಂಜಿನ್ ನಿಂತರೆ ಇಳಿಯಲು ಒಂದಡಿ ಸಮತಟ್ಟು ಜಾಗವಿಲ್ಲ.

ಅವಳು ಓಡಿದಳು. ವಿಮಾನದ ಮುಂದೆ ದೂರದಲ್ಲಿ ನಿಂತು ಎರಡೂ ಕೈ ಎತ್ತಿ ಬೀಸಿದಳು.

ಎಂಜಿನ್ ನಿಂತಿತು.

"ನಾನು ಸುಳ್ಳು ಬರೆದೆ ಮೇಷ್ಟ್ರೇ. ತಗಡು ಬಿಚ್ಚಿರಲಿಲ್ಲ. ಮುಳ್ಳು ಕೆಂಪು ಗೆರೆ ದಾಟಿತ್ತು."

"ಎಷ್ಟು ಹೊತ್ತು?"

"ನಾಲ್ಕು ನಿಮಿಷ."

ಮೇಷ್ಟ್ರು ಇಳಿದರು. ಪರೀಕ್ಷಕರಿಗೆ ಫೋನ್ ಮಾಡಿ, ಈ ಸಲ ಬರುವುದು ಬೇಡ ಎಂದಷ್ಟೇ ಹೇಳಿದರು.

ಆಮೇಲೆ ಎಂಜಿನ್ನಿನಿಂದ ಎಣ್ಣೆ ಸೋಸುವ ಫಿಲ್ಟರ್ ತೆಗೆದು ಕತ್ತರಿಸಿದರು. ಒಳಗಿನ ಮಡಿಕೆ ಕಾಗದವನ್ನು ಬಿಳಿ ಪಂಚೆಯೊಂದರ ಮೇಲೆ ಬಿಡಿಸಿ ಬಿಸಿಲಿಗೆ ಹಿಡಿದರು.

ಕಪ್ಪು ಎಣ್ಣೆಯ ನಡುವೆ ಅಲ್ಲಲ್ಲಿ ಏನೋ ಮಿನುಗಿತು.

"ಏನದು?"

"ಎಂಜಿನ್ ಒಳಗಿನ ಲೋಹ. ಎಣ್ಣೆ ತೀರಾ ಕಾದು ನೀರಾಗಿದೆ, ಬೇರಿಂಗು ಸವೆದಿದೆ."

"ಗುಡ್ಡ ದಾಟುತ್ತಿತ್ತಾ?"

"ಗೊತ್ತಿಲ್ಲ."

ಶಾಂಭವಿ ನೆಲದ ಮೇಲೆ ಕೂತುಬಿಟ್ಟಳು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ. ಆದರೂ ಒಂದು ಸಮಾಧಾನವಿತ್ತು. ಮೂವತ್ತು ವರ್ಷ ಎಂಜಿನ್‌ಗಳ ಜೊತೆ ಬಾಳಿದವರು, ಸದ್ದು ಕೇಳಿಯೇ ತಿಳಿದಿರುತ್ತಾರೆ. ಗುರುಗಳು ಅಂದಮೇಲೆ ಅವರಿಗೆ ತಿಳಿಯದ್ದೇನಿದೆ? ಅವಳನ್ನು ಪರೀಕ್ಷಿಸಲೆಂದೇ ವಿಮಾನ ಹತ್ತಿರಬೇಕು. ನಿಜವಾಗಿ ಹಾರುತ್ತಿರಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ ಮೇಷ್ಟ್ರೇ? ನಾನು ಬಂದು ಹೇಳ್ತೀನೋ ಇಲ್ಲವೋ ಅಂತ ನೋಡ್ತಿದ್ರಿ."

ಬೆಳ್ಳಿಯಪ್ಪ ಮೇಷ್ಟ್ರು ಪಂಚೆಯನ್ನು ಮಡಿಸಿ ಅವಳ ಕೈಗೆ ಕೊಟ್ಟರು.

"ಇಲ್ಲಮ್ಮ. ನೀನು ಬರೆದದ್ದನ್ನು ನಂಬಿ ಹೊರಟಿದ್ದೆ."