ಎರಡು ಕಲ್ಲುಗಳ ನಡುವಿನ ಹರಳೆಣ್ಣೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಅಡಿವೆಪ್ಪನವರು. ಅವರು ತಮ್ಮ ಗುರುಗಳ ಬಾಯಿಂದಲೇ ಕೇಳಿದ್ದರಂತೆ. ಕೇಳಿದ ಹಾಗೆಯೇ ಬರೆದಿದ್ದೇನೆ.

ಒಬ್ಬ ಶಿಷ್ಯನು ಗುರುಗಳ ಬಳಿಗೆ ಬಂದು ಕೇಳಿದನು: “ಬುದ್ಧೀ, ನಮ್ಮ ತಂದೆ ಕೂತ ಜಾಗ ಬಿಟ್ಟು ಕದಲುವವರಲ್ಲ. ನನ್ನ ಮಗ ಒಂದು ಗಳಿಗೆ ನಿಂತಲ್ಲಿ ನಿಲ್ಲುವವನಲ್ಲ. ನಡುವೆ ನಾನು ನುಗ್ಗಾಗಿದ್ದೇನೆ. ಇಬ್ಬರನ್ನೂ ಬಿಟ್ಟು ತಮ್ಮ ಪಾದದ ಹತ್ತಿರ ಬಂದು ಇದ್ದುಬಿಡಲೇ?”

ಗುರುಗಳು ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. “ಕೂತುಕೋ” ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಕಲ್ಲುಕುಟಿಗರು ಮಂಟಪ ಕಟ್ಟುತ್ತಿದ್ದರು. ತುಸು ಇಳಿಜಾರಾಗಿದ್ದ ಹಾಸುಗಲ್ಲಿನ ಮೇಲೆ ದೊಡ್ಡ ಚಪ್ಪಡಿಯೊಂದನ್ನು ಸರಿಸುವಾಗ ಅದು ಕೈಮೀರಿ ಮುಂದಕ್ಕೆ ಜರುಗಿತು. ಮುಂದೆ ನಿಂತಿದ್ದ ಒಬ್ಬ ಕಲ್ಲುಕುಟಿಗನ ಕಾಲು ಚಪ್ಪಡಿಗೂ ಕಂಬಕ್ಕೂ ನಡುವೆ ಸಿಕ್ಕಿತು. ಹಿಂದಿನಿಂದ ಎತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು ಕಾಲು ಪುಡಿಯಾಗುವುದು. ಹಿಂದಕ್ಕೆ ಎಳೆಯುವುದೊಂದೇ ದಾರಿ. ಹತ್ತು ಜನ ಹಗ್ಗ ಕಟ್ಟಿ, ತಮ್ಮ ರೂಢಿಯಂತೆ “ಐಸಾ” ಎಂದು ಕೂಗಿ ಕೂಗಿ ಜಗ್ಗಿದರು. ಒಣ ಕಲ್ಲಿನ ಮೇಲೆ ಒಣ ಕಲ್ಲು. ಕದಲಲಿಲ್ಲ.

ಗದ್ದಲ ಕೇಳಿ ಪಕ್ಕದ ಗಾಣದಿಂದ ಒಬ್ಬ ಗಾಣಿಗನು ಹರಳೆಣ್ಣೆಯ ಕೊಡ ಹೊತ್ತು ಬಂದನು. ಹಾರೆಯಿಂದ ಪಕ್ಕದ ಅಂಚನ್ನು ಕೂದಲೆಳೆಯಷ್ಟು ಎತ್ತಿಸಿ, ಎಣ್ಣೆಯನ್ನು ಎರಡು ಕಲ್ಲುಗಳ ನಡುವೆ ಇಳಿಸಿದನು.

ಮತ್ತೆ “ಐಸಾ” ಎಂದು ಜಗ್ಗಿದರು. ಕಲ್ಲು ಎರಡು ಬೆರಳು ಬಂತು. ಮುಂದಿನ ಕೂಗಿಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇಳಿಜಾರಿಗೆ ಮರಳಿ ಕಾಲನ್ನೇ ಒತ್ತಿತು. ಸಿಕ್ಕಿಕೊಂಡವನು ಚೀರಿದನು. ಇನ್ನೂ ಜೋರಾಗಿ ಜಗ್ಗಿದರು. ಹಗ್ಗದ ಒಂದು ಹುರಿ ಹರಿಯಿತು.

ಮೇಸ್ತ್ರಿ ಗಾಣಿಗನ ಮೇಲೆ ರೇಗಿದನು. “ಎಣ್ಣೆ ಹುಯ್ದು ಇವನ ಕಾಲು ಮುರಿಯೋಕೆ ಬಂದೆಯೇನೋ? ದೀಪಕ್ಕೆ ಇಟ್ಟುಕೋಬೇಕಿತ್ತು!”

“ಆ ಕೂಗು ನಿಲ್ಲಿಸು ಮೇಸ್ತ್ರಿ. ಎಣ್ಣೆ ಬಿರುಸಿಗೆ ಬಿಗಿಯುತ್ತೆ, ನಿಧಾನಕ್ಕೆ ಬಿಡುತ್ತೆ. ನನ್ನ ಗಾಣದ ಎತ್ತು ನಡೆದ ಹಾಗೆ ಎಳೀರಿ. ಹಗ್ಗ ಮಾತ್ರ ಸಡಿಲಬಾರದು.”

ಸಿಕ್ಕಿಕೊಂಡವನು ಹಲ್ಲು ಕಚ್ಚಿ ಹೇಳಿದನು: “ಅಣ್ಣಾ, ಅವನ ಮಾತು ಕೇಳು. ನನಗಿರೋದು ಎರಡೇ ಕಾಲು.”

ಹತ್ತು ಜನ ಬಾಯಿ ಮುಚ್ಚಿ ಎಳೆಯತೊಡಗಿದರು. ಕಲ್ಲು ಸರಿಯುವುದು ಕಣ್ಣಿಗೆ ಕಾಣದು, ಆದರೆ ಸರಿಯುತ್ತಿತ್ತು. ನಡುವೆ ಒಬ್ಬನ ಬಾಯಿಂದ ರೂಢಿಯಂತೆ “ಐ...” ಎಂದು ಹೊರಟಿತು. ಹಿಂದಿನವನು ಮಂಡಿಯಿಂದ ಅವನನ್ನು ತಿವಿದನು. ಕೂಗು ಗಂಟಲಲ್ಲೇ ಉಳಿಯಿತು. ಅಂಗೈಗಳಿಂದ ರಕ್ತ ಬಂತು. ಯಾರೂ ಹಗ್ಗ ಬಿಡಲಿಲ್ಲ. ಸಂದು ಗೇಣಷ್ಟಾದಾಗ ಸಿಕ್ಕಿಕೊಂಡವನು ಕಾಲನ್ನು ಎಳೆದುಕೊಂಡನು. ಚರ್ಮ ಹೋಗಿತ್ತು, ಮೂಳೆ ಉಳಿದಿತ್ತು.

ಮೇಸ್ತ್ರಿ ಬೆವರು ಒರೆಸಿಕೊಂಡು ಕೇಳಿದನು: “ಎಣ್ಣೆ ಯಾವ ಕಲ್ಲನ್ನು ಬಿಟ್ಟು ಜಾರಿತಯ್ಯಾ?”

ಗಾಣಿಗನು ಹಾಸುಗಲ್ಲನ್ನು ಮುಟ್ಟಿ ಬೆರಳು ತೋರಿಸಿದನು. ಎಣ್ಣೆಯಿತ್ತು. ಚಪ್ಪಡಿಯ ತಳದಂಚನ್ನು ಮುಟ್ಟಿ ತೋರಿಸಿದನು. ಅಲ್ಲೂ ಇತ್ತು. “ಯಾವುದನ್ನೂ ಬಿಟ್ಟಿಲ್ಲ. ನಿಂತ ಕಲ್ಲಿಗೆ ಅಂಟಿದ್ದು ಅದರ ಜೊತೆ ನಿಂತಿದೆ. ಹೋಗುವ ಕಲ್ಲಿಗೆ ಅಂಟಿದ್ದು ಅದರ ಜೊತೆ ಹೋಗಿದೆ. ನಡುವಿನದು ಪದರ ಪದರವಾಗಿ, ಕೆಳಗೆ ಕಡಿಮೆ ಮೇಲೆ ಹೆಚ್ಚು, ತನ್ನೊಳಗೇ ಸರಿದುಕೊಂಡಿದೆ.”

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಶಿಷ್ಯನು ಕೈಮುಗಿದು, “ತಿಳಿಯಿತು ಬುದ್ಧೀ, ನಾನು ಎಣ್ಣೆಯಂತಿರಬೇಕು” ಎಂದನು.

“ಅದಿರಲಿ, ನಿಮ್ಮ ಮೂವರ ಜಗ್ಗಾಟದಲ್ಲಿ ಮನೆಯೊಳಗೆ ಕಾಲು ಸಿಕ್ಕಿಸಿಕೊಂಡು ಕೂತವರು ಯಾರು, ನೋಡಿ ಬಂದೆಯಾ?” ಎಂದರು ಗುರುಗಳು.

ಶಿಷ್ಯನು ಎದ್ದು ಮನೆಯ ದಾರಿ ಹಿಡಿದನು.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಹೇಳುವಾಗ ಅವಸರ ಮಾಡಬೇಡಿ.